ಎರಡನೇ ಕ್ಲಾಸಿನ ಮಕ್ಕಳಲ್ಲಿ ಕಿವಿ ಮಂದ ಇರೋದು ಇಷ್ಟು ಸಾಮಾನ್ಯವಾ?

ನಲಿಕಲಿ ಟೀಚರ್, ಮಂಡ್ಯ ಜಿಲ್ಲೆ

ಹದಿನಾಲ್ಕು ವರ್ಷದಿಂದ ಸರ್ಕಾರಿ ಶಾಲೆಯಲ್ಲಿ ನಲಿಕಲಿ ತಗೊಳ್ತಿದ್ದೀನಿ. ಈಗ ಒಂದರಿಂದ ಮೂರರವರೆಗೆ 26 ಮಕ್ಕಳು ಒಂದೇ ಕೊಠಡಿಯಲ್ಲಿದ್ದಾರೆ. ಎರಡನೇ ಕ್ಲಾಸಿನ ಒಬ್ಬಳು 'ಹಾಲು' ಅನ್ನೋದಕ್ಕೆ 'ಆಲು' ಅಂತಾಳೆ. ನಮ್ಮ ಕಡೆ ಅರ್ಧ ಊರೇ ಹಾಗೆ ಮಾತಾಡೋದು, ಹಾಗಾಗಿ ನಾನು ಗಮನ ಕೊಡಲಿಲ್ಲ. ಅವರಮ್ಮನೂ "ಮನೇಲೂ ಅಷ್ಟೇ ಮಿಸ್, ಹೇಳಿದ ಮಾತು ಕೇಳಲ್ಲ, ಎರಡೇಟು ಹಾಕಿ" ಅಂದಿದ್ರು.

ಹೋದ ವಾರ ಉಕ್ತಲೇಖನದಲ್ಲಿ 'ಸರ' ಅಂದೆ, 'ಮರ' ಅಂತ ಬರೆದಿದ್ಲು. 'ತೆನೆ' ಅಂದಿದ್ದು 'ಮನೆ' ಆಗಿತ್ತು. ಪಕ್ಕದಲ್ಲಿ ಕೂರಿಸಿಕೊಂಡು ಅವೇ ಪದ ಮತ್ತೆ ಹೇಳಿದಾಗ ಎಲ್ಲಾ ಸರಿಯಾಗಿ ಬರೆದ್ಲು. ಏನೋ ಅನುಮಾನ ಬಂದು ಪುಸ್ತಕ ಬಾಯಿಗೆ ಅಡ್ಡ ಹಿಡಿದು ಹೇಳಿದೆ. ಪೆನ್ಸಿಲ್ ನಿಂತೋಯ್ತು. ಒಂದು ಕ್ಷಣ ಕಾದು, ಬೆರಳಿಂದ ಆ ಪುಸ್ತಕವನ್ನ ಮೆಲ್ಲಗೆ ಕೆಳಕ್ಕೆ ತಳ್ಳಿದ್ಲು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಂಥ ಮಕ್ಕಳು ಎಲ್ಲಾ ಕ್ಲಾಸಲ್ಲೂ ಇರ್ತಾರಾ? ಎಷ್ಟು ಜನರನ್ನ ದಡ್ಡರು ಅಂದ್ಕೊಂಡು ಮುಂದಿನ ಕ್ಲಾಸಿಗೆ ದಾಟಿಸಿಬಿಟ್ಟೆನೋ.

ಕಿವಿ ಪರೀಕ್ಷೆಯವಳು, ಮೈಸೂರು

ಮೇಡಂ, ಇರ್ತಾರೆ. ನಾನು ಆಡಿಯಾಲಜಿಸ್ಟ್, ದಿನಾ ನೋಡ್ತೀನಿ. ಈ ವಯಸ್ಸಲ್ಲಿ ಹೆಚ್ಚಾಗಿ ಕಾಣೋದು ಕಿವಿ ತಮಟೆಯ ಹಿಂದೆ ನೀರು ನಿಲ್ಲೋದು. ಹತ್ತು ವರ್ಷ ತುಂಬೋದರೊಳಗೆ ಹತ್ತರಲ್ಲಿ ಎಂಟು ಮಕ್ಕಳಿಗೆ ಒಂದು ಸಲವಾದ್ರೂ ಆಗಿರುತ್ತೆ. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗೋ ನಾಳ ಮಕ್ಕಳಲ್ಲಿ ಸಣ್ಣದು, ಅಡ್ಡಡ್ಡ ಇರುತ್ತೆ. ನೆಗಡಿ ಆದ್ರೆ, ಮೂಗಿನ ಹಿಂದಿರೋ ಅಡಿನಾಯ್ಡ್ ಅನ್ನೋ ಗಂಟು ಊದಿದ್ರೆ ಕಟ್ಟಿಕೊಳ್ಳುತ್ತೆ. ಎಷ್ಟೋ ಸಲ ನೋವೂ ಇರಲ್ಲ, ಕಿವಿ ಸೋರೋದೂ ಇಲ್ಲ, ಅದಕ್ಕೇ ಮನೆಯವರಿಗೆ ಗೊತ್ತಾಗೋದಿಲ್ಲ. ಒಂದು ವಾರ ಚೆನ್ನಾಗಿ ಕೇಳಿ ಮುಂದಿನ ವಾರ ಮಂಕಾಗುತ್ತೆ, ನೋಡಿದವರು ಬೇಕಂತಲೇ ಮಾಡ್ತಿದೆ ಮಗು ಅಂತಾರೆ. ಎರಡೂ ಕಿವಿಗೆ ಬೆರಳಿಟ್ಟುಕೊಂಡು ನಿಮ್ಮ ನಲಿಕಲಿ ಗಲಾಟೆಯಲ್ಲಿ ಐದು ನಿಮಿಷ ಕೂತು ನೋಡಿ.

ಎಷ್ಟೋ ಮಕ್ಕಳಿಗೆ ಈ ನೀರು ಮೂರು ತಿಂಗಳಲ್ಲಿ ತಾನಾಗೇ ಇಳಿಯುತ್ತೆ. ಇಳಿಯದಿದ್ರೆ ಡಾಕ್ಟರು ಗ್ರಾಮೆಟ್ ಅಂತ ಪುಟ್ಟ ಕೊಳವೆ ಹಾಕೋದುಂಟು. ಆದ್ರೆ ನೀರೇ ಅಂತ ನಾವೇ ತೀರ್ಮಾನ ಮಾಡಬಾರದು, ನರದ ತೊಂದರೆಯೂ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಜಗತ್ತಲ್ಲಿ 3.4 ಕೋಟಿ ಮಕ್ಕಳಿಗೆ ಚಿಕಿತ್ಸೆ ಬೇಕಾಗುವಷ್ಟು ಶ್ರವಣದೋಷ ಇದೆ. ಎಷ್ಟು ಕೇಳುತ್ತೆ ಅಂತ ಅಳೆಯೋ ಆಡಿಯೋಮೆಟ್ರಿ, ತಮಟೆ ಸರಿಯಾಗಿ ಅಲುಗಾಡುತ್ತಾ ಅಂತ ನೋಡೋ ಟಿಂಪನೋಮೆಟ್ರಿ, ಎರಡೂ ಮಾಡಿಸಿ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ, ಇಲ್ಲಾ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಬನ್ನಿ, ನಿಮಗೆ ದೂರವೇನಲ್ಲ. ಅಲ್ಲೀವರೆಗೂ ಕಾಯಿಸಿದ ಎಣ್ಣೆ ಹಾಕಬೇಡಿ ಅಂತ ಅಜ್ಜಿಗೆ ಹೇಳಿಸಿ.

ಧಾರವಾಡದ ತಾಯಿ

ನಮ್ಮ ಹುಡುಗಗೂ ಹಿಂಗ ಆಗಿತ್ರಿ. ಹುಟ್ಟಿದಾಗ ಮಶಿನ್ ಹಚ್ಚಿ ನೋಡಿ ಎಲ್ಲಾ ಸರಿ ಐತಿ ಅಂದಿದ್ರು, ನಾವು ನಿಶ್ಚಿಂತಿ ಇದ್ವಿ. ಆಮ್ಯಾಲೆ ಕೇಳೋದು ಕಡಿಮಿ ಆಗಬಹುದು ಅಂತ ಯಾರೂ ಹೇಳಿರಲಿಲ್ಲ. ಟೀವಿ ಸೌಂಡ್ ಜಾಸ್ತಿ ಇಟ್ರ ಬೈತಿದ್ದೆ. ಈಗ ಎರಡೂ ಕಿವಿಗೆ ಕೇಳೋ ಮಶಿನ್ ಐತ್ರಿ. ಮೊದಲನೇ ದಿನ ಅಡಗಿ ಮನಿಯಾಗ ಒಗ್ಗರಣಿ ಹಾಕಿದೆ, "ಅವ್ವಾ, ಅದೇನು ಸಪ್ಪಳ?" ಅಂತ ಓಡಿ ಬಂದ. ತಡಾ ಮಾಡಬ್ಯಾಡ್ರಿ ಟೀಚರ್.

ನಲಿಕಲಿ ಟೀಚರ್

ಇಬ್ಬರಿಗೂ ಧನ್ಯವಾದ. ಅವಳಪ್ಪ ಗದ್ದೆ ಕೆಲಸ ಬಿಟ್ಟು ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋಗಿದ್ರು. ಎರಡೂ ಕಿವೀಲಿ ನೀರಿದೆಯಂತೆ, ಮೂರು ತಿಂಗಳು ಬಿಟ್ಟು ಬರೋಕೆ ಹೇಳಿದ್ದಾರೆ. ಗುಂಪಲ್ಲಿ ಅವಳು ನನಗೆ ಬೆನ್ನು ಮಾಡಿ ಕೂರ್ತಿದ್ಲು, ಅದನ್ನ ಬದಲಾಯಿಸಿದೆ. ಶಾಲೆ ಮಕ್ಕಳ ಆರೋಗ್ಯ ತಪಾಸಣೆ ಮಾಡೋ ಸರ್ಕಾರದ ಆರ್‌ಬಿಎಸ್‌ಕೆ ತಂಡ ಬರೋದು ವರ್ಷಕ್ಕೊಂದು ಸಲ, ಹೋದ ಸಲ ಇವಳು ರಜ ಇದ್ಲು.

ನಿನ್ನೆ ಉಳಿದವರ ಹಿಂದೆ ನಿಂತು ಒಬ್ಬೊಬ್ಬರ ಹೆಸರನ್ನೂ ಪಿಸುಗುಟ್ಟಿದೆ. ಇದು ಪರೀಕ್ಷೆ ಅಲ್ಲ ಅಂತ ಗೊತ್ತು. ಇಬ್ಬರು ತಿರುಗಲೇ ಇಲ್ಲ. ಒಬ್ಬನ ಕಿವೀಲಿ ಗುಗ್ಗೆ ಕಟ್ಟಿರೋದು ಹೊರಗೇ ಕಾಣುತ್ತೆ. ಇನ್ನೊಬ್ಬಳ ಮನೆಗೆ ಇವತ್ತು ಸಂಜೆ ಹೋಗ್ತಿದ್ದೀನಿ.