ಎಂಜಿನ್ನಿನ 'ಟಿಕ್': ಟಿಕಟಿಕವೆ, ಟ್ಯಾಪೆಟ್ ಸೌಂಡೆ, ಬಡಿತವೆ?

ಪ್ರಶ್ನೆ

ಬಲ್ಲವರಲ್ಲಿ ಒಂದು ಕೇಳಿಕೆ. ಶೆವರ್ಲೆ ಸಿಲ್ವರಾಡೊ ಪಿಕಪ್‌ನ 5.3 ಲೀಟರ್ ವಿ8 ಪೆಟ್ರೋಲ್ ಎಂಜಿನ್ನಿಗೆ (2007ರಿಂದ 2013ರವರೆಗಿನ ಮಾದರಿ) ಸಂಬಂಧಿಸಿದ ರಿಪೇರಿ ಟಿಪ್ಪಣಿಯೊಂದನ್ನು ಕನ್ನಡಕ್ಕೆ ತರಬೇಕಾಗಿದೆ. 'ಟಿಕ್', 'ಲಿಫ್ಟರ್ ಟಿಕ್', 'ಎಕ್ಸಾಸ್ಟ್ ಟಿಕ್', 'ನಾಕ್' ಎಂಬ ಮಾತುಗಳು ಅದರಲ್ಲಿ ಪದೇ ಪದೇ ಬರುತ್ತವೆ. ನಮ್ಮ ಗ್ಯಾರೇಜುಗಳಲ್ಲಿ ಇಂಥ ಸದ್ದಿಗೆ 'ಟ್ಯಾಪೆಟ್ ಸೌಂಡ್' ಅನ್ನುವುದು ರೂಢಿ. ಅದನ್ನೇ ಬಳಸಬಹುದೆ? ಅಥವಾ ನಾಲ್ಕಕ್ಕೂ 'ಬಡಿತ' ಎಂದರೆ ನಡೆದೀತೆ?

ಉತ್ತರ 1

ಶೀರ್ಷಿಕೆಯಲ್ಲಿ 'ಟ್ಯಾಪೆಟ್ ಸೌಂಡ್' ಹಾಕಬೇಡಿ ಸರ್. ಹಾಗೆಂದ ಕೂಡಲೇ ಕಾರಣವನ್ನೂ ತೀರ್ಮಾನಿಸಿಬಿಟ್ಟಂತಾಗುತ್ತದೆ. ಟಿಪ್ಪಣಿ ಇರುವುದೇ ಆ ಕಾರಣ ಹುಡುಕಲಿಕ್ಕೆ. ಸದ್ದಿಗೆ 'ಟಿಕಟಿಕ' ಸಾಕು: ಸಣ್ಣದು, ಚೂಪಾದದ್ದು, ಲಯ ತಪ್ಪದ್ದು ಎಂಬುದೆಲ್ಲ ಆ ಅನುಕರಣಾವ್ಯಯದಲ್ಲೇ ಅಡಗಿದೆ. 'ಕಟಕಟ'ವನ್ನು ಸಡಿಲ ಭಾಗಗಳು ಲಯವಿಲ್ಲದೆ ತಾಗಾಡುವ ಸದ್ದಿಗೆ ಮೀಸಲಿಡಿ.

'ಟ್ಯಾಪೆಟ್' ಎಂಬ ಪದ ನಮ್ಮಲ್ಲಿ ತನ್ನ ಮೂಲ ಜಾಗ ಬಿಟ್ಟು ಮೇಲೆ ಹತ್ತಿದೆ. ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟಿನ ಉಬ್ಬಿನ ಮೇಲೆ ಕೂತು, ರಾಕರ್ ಎಂಬ ಸನ್ನೆಯನ್ನು ತಳ್ಳುವ ಕಡ್ಡಿಯನ್ನು (ಪುಶ್‌ರಾಡ್) ಎತ್ತುವ ಭಾಗಕ್ಕೆ ಬ್ರಿಟಿಷರು ಟ್ಯಾಪೆಟ್ ಎಂದರು, ಅಮೆರಿಕದವರು ಲಿಫ್ಟರ್ ಎಂದರು. ಇಲ್ಲಿಯ ಗ್ಯಾರೇಜಿನಲ್ಲಿ 'ಟ್ಯಾಪೆಟ್ ಸೆಟ್ಟಿಂಗ್' ಎಂದರೆ ಫೀಲರ್ ಗೇಜ್ ತೂರಿಸಿ, ರಾಕರ್ ತುದಿಯ ಸ್ಕ್ರೂ ತಿರುಗಿಸಿ, ರಾಕರ್‌ಗೂ ವಾಲ್ವ್‌ಗೂ ನಡುವಿನ ಸಂದನ್ನು ಹೊಂದಿಸುವ ಕೆಲಸ. ಅದರ ಮೇಲಿನ ಮುಚ್ಚಳ 'ಟ್ಯಾಪೆಟ್ ಕವರ್'. ಸ್ಕ್ರೂ ಇರುವ ಎಂಜಿನ್ನಿಗೆ ಈ ಬಳಕೆಯಿಂದ ತೊಂದರೆಯಿಲ್ಲ. ಆದರೆ ಸಿಲ್ವರಾಡೊದ ಈ ಎಂಜಿನ್ನಿನಲ್ಲಿ ಅಂಥ ಸ್ಕ್ರೂವೇ ಇಲ್ಲ. ಲಿಫ್ಟರಿನೊಳಗೆ ಆಯಿಲ್ ತುಂಬಿಕೊಂಡು ಸಂದು ತಾನಾಗಿ ಮುಚ್ಚುತ್ತದೆ. ರಾಕರ್ ಬೋಲ್ಟನ್ನು 30 ನ್ಯೂಟನ್ ಮೀಟರಿಗೆ ಬಿಗಿದರೆ ಅಲ್ಲಿಗೆ ಸೆಟ್ಟಿಂಗ್ ಮುಗಿಯಿತು. ನೀವು 'ಟ್ಯಾಪೆಟ್' ಎಂದು ಬರೆದರೆ ಓದಿದವರು ಕವರ್ ಬಿಚ್ಚಿ ಇಲ್ಲದ ಸ್ಕ್ರೂ ಹುಡುಕುತ್ತಾರೆ. 'ಲಿಫ್ಟರ್' ಎಂದೇ ಉಳಿಸಿ, ಮೊದಲ ಸಲ ಬಂದಲ್ಲಿ ಅದು ಎಲ್ಲಿರುತ್ತದೆ ಎಂದು ಒಂದು ಸಾಲು ಸೇರಿಸಿ.

'ಎಕ್ಸಾಸ್ಟ್ ಟಿಕ್'ಗೆ 'ಮೇನಿಫೋಲ್ಡಿನ ಹೊಗೆ ಲೀಕ್' ಎನ್ನುವುದು ಒಳ್ಳೆಯದು. ಮೇನಿಫೋಲ್ಡ್ ಎಂದರೆ ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸಿ ಸಾಗಿಸುವ ಕವಲು ಕೊಳವೆ. ಬರೀ 'ಲೀಕ್' ಎಂದರೆ ಜನ ಗಾಡಿಯ ಕೆಳಗೆ ಆಯಿಲ್ ಹನಿ ನೋಡುತ್ತಾರೆ. ಈ ಎಂಜಿನ್ನಿನಲ್ಲಿ ಟಿಕಟಿಕ ಬಂದಾಗ ಮೊದಲು ಅನುಮಾನಪಡಬೇಕಾದದ್ದು ಇದನ್ನೇ. ಹೆಡ್ (ಸಿಲಿಂಡರುಗಳ ಮೇಲಿನ, ವಾಲ್ವ್ ಇರುವ ಭಾಗ) ಅಲ್ಯುಮಿನಿಯಂ, ಅದಕ್ಕೆ ಬೋಲ್ಟಿನಿಂದ ಬಿಗಿದ ಮೇನಿಫೋಲ್ಡ್ ಬೀಡುಕಬ್ಬಿಣ. ಅದೇ ಬಿಸಿಗೆ ಅಲ್ಯುಮಿನಿಯಂ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಪ್ರತಿ ಸಲ ಕಾದು ತಣಿದಾಗಲೂ ತುದಿಯ ಬೋಲ್ಟುಗಳು ಅಡ್ಡಕ್ಕೆ ಜಗ್ಗಿಸಿಕೊಂಡು ಕೊನೆಗೆ ತಲೆ ಕತ್ತರಿಸಿ ಬೀಳುತ್ತವೆ. ಕ್ಯಾಬಿನ್ ಕಡೆಯ ಕೊನೆಯ ಬೋಲ್ಟನ್ನು ಟಾರ್ಚ್ ಮತ್ತು ಸಣ್ಣ ಕನ್ನಡಿ ಹಿಡಿದು ನೋಡಬೇಕು. ತಲೆ ಇಲ್ಲದಿದ್ದರೆ, ಪಕ್ಕದಲ್ಲಿ ಮಸಿಯ ಗೆರೆ ಇದ್ದರೆ, ಉತ್ತರ ಸಿಕ್ಕಿತು. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಸದ್ದು ಜೋರು. ಮೇನಿಫೋಲ್ಡ್ ಕಾದು ಹಿಗ್ಗಿ ಸಂದು ಕೂಡಿಕೊಂಡ ಮೇಲೆ ಕಡಿಮೆ.

ಮುರಿದ ತುಂಡು ಹೊರಗೆ ಚಾಚಿದ್ದರೆ ಅದಕ್ಕೊಂದು ನಟ್ ವೆಲ್ಡ್ ಮಾಡಿ, ವೆಲ್ಡಿನ ಬಿಸಿ ಇಳಿಯುತ್ತಿರುವಾಗ ಹಿಂದೆ ಮುಂದೆ ಆಡಿಸುತ್ತ ತೆಗೆಯುತ್ತಾರೆ. ಒಳಗೇ ಉಳಿದಿದ್ದರೆ ಸರಿಯಾಗಿ ನಡುವಿಗೆ ಪಂಚ್ ಹೊಡೆದು, ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಹಾಕಬೇಕು. ಡ್ರಿಲ್ ಓರೆಯಾದರೆ ಮೆತ್ತಗಿನ ಅಲ್ಯುಮಿನಿಯಂ ಕಡೆಗೆ ಜಾರಿ ಹೆಡ್ಡಿನ ತೂತಿನ ಥ್ರೆಡ್ಡೇ (ಬೋಲ್ಟ್ ತಿರುಗಿ ಕೂರುವ ಗೆರೆಗಳೇ) ಹಾಳು. ಮೇನಿಫೋಲ್ಡ್ ಮುಖ ಬಾಗಿದೆಯೇ ಎಂದು ನೇರ ಪಟ್ಟಿ ಇಟ್ಟು ನೋಡಿ, ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟಿಗೆ ಥ್ರೆಡ್‌ಲಾಕ್ (ಸಡಿಲವಾಗದಂತೆ ಹಿಡಿದಿಡುವ ಅಂಟು) ಹಚ್ಚಿ, ನಡುವಿನಿಂದ ಹೊರಕ್ಕೆ ಮೊದಲ ಸುತ್ತು 15, ಎರಡನೆಯ ಸುತ್ತು 25 ನ್ಯೂಟನ್ ಮೀಟರ್. ಗ್ಯಾರೇಜಿನ 'ಪ್ಯಾಕಿಂಗ್' ಎಂಬ ಪದವೂ ಇಲ್ಲಿ ಬೇಡ. ಇದು ಉಕ್ಕಿನ ಹಾಳೆಯ ಗ್ಯಾಸ್ಕೆಟ್, ಒಣದಾಗಿಯೇ ಕೂರಬೇಕು. ಪ್ಯಾಕಿಂಗ್ ಎಂದು ಓದಿದವರು ಪೇಸ್ಟ್ ಬಳಿದಾರು.

'ಲಿಫ್ಟರ್ ಟಿಕ್' ಬಂದಲ್ಲಿ ಮೊದಲು ಆಯಿಲ್. ಫಿಲ್ಟರ್ ಸೇರಿ ಸುಮಾರು 5.7 ಲೀಟರ್ 5ಡಬ್ಲ್ಯು-30 ಹಿಡಿಯುತ್ತದೆ. ಮಟ್ಟ ಸರಿಯಿದ್ದೂ ಸದ್ದು ನಿಲ್ಲದಿದ್ದರೆ ಮೀಟರ್ ಕಟ್ಟಿ ಪ್ರೆಶರ್ ನೋಡಬೇಕು. ಎಂಜಿನ್ ಬಿಸಿಯಿದ್ದಾಗ 1000 ಆರ್‌ಪಿಎಂನಲ್ಲಿ 6, 2000ದಲ್ಲಿ 18, 4000ದಲ್ಲಿ 24 ಪಿಎಸ್‌ಐಗಿಂತ ಕಡಿಮೆ ಇರಬಾರದು. ಪಂಪಿಗೆ ಆಯಿಲ್ ಎಳೆದುಕೊಡುವ ಕೊಳವೆಯ ಓ-ರಿಂಗ್ ಗಟ್ಟಿಯಾಗಿ ಬಿರುಕು ಬಿಟ್ಟರೆ ಪಂಪ್ ಗಾಳಿ ಎಳೆಯುತ್ತದೆ, ಆಗ ಒಳ್ಳೆಯ ಲಿಫ್ಟರೂ ಸದ್ದು ಮಾಡುತ್ತದೆ. ಪ್ರೆಶರ್ ಸರಿಯಿದ್ದೂ ಒಂದೇ ಜಾಗದಿಂದ ಟಿಕಟಿಕ ಬರುತ್ತಿದ್ದರೆ ಬಹುಮಟ್ಟಿಗೆ ಲಿಫ್ಟರೇ ಕೆಟ್ಟಿರುತ್ತದೆ. ಪೆಟ್ರೋಲ್ ಉಳಿಸಲು ನಾಲ್ಕು ಸಿಲಿಂಡರನ್ನು ಬಂದ್ ಮಾಡುವ ಎಎಫ್‌ಎಂ ವ್ಯವಸ್ಥೆ ಇದರಲ್ಲಿದೆ. 1, 4, 6, 7ನೆಯ ಸಿಲಿಂಡರುಗಳ ಲಿಫ್ಟರುಗಳು ಅದಕ್ಕಾಗಿ ಬೇರೆ ರಚನೆಯವು, ತೊಂದರೆ ಕೊಡುವುದೂ ಹೆಚ್ಚಾಗಿ ಅವೇ. ಹೆಡ್ ಇಳಿಸದೆ ಲಿಫ್ಟರ್ ಹೊರಗೆ ಬಾರದು. ಅದರ ರೋಲರ್ ಸವೆದಿದ್ದರೆ ಕ್ಯಾಮ್‌ಶಾಫ್ಟನ್ನೂ ಬದಲಿಸಬೇಕು, ಹೆಡ್ ಬೋಲ್ಟುಗಳನ್ನಂತೂ ಮತ್ತೆ ಬಳಸುವಂತಿಲ್ಲ. ಇಷ್ಟು ದೊಡ್ಡ ಕೆಲಸವಾದ್ದರಿಂದಲೇ ಪದ ತಪ್ಪಬಾರದು ಎಂದು ಒತ್ತಿ ಹೇಳುತ್ತಿದ್ದೇನೆ.

ಉತ್ತರ 2

ಮೇಲಿನ ಮಾತಿಗೆ ನನ್ನ ಒಪ್ಪಿಗೆಯಿದೆ. ಉಳಿದದ್ದು 'ನಾಕ್'. ಗ್ಯಾರೇಜಿನ 'ನಾಕಿಂಗ್' ಎರಡು ಬೇರೆ ಬೇರೆ ತೊಂದರೆಗಳಿಗೆ ನಡೆಯುತ್ತದೆ: ಏರಿನಲ್ಲಿ ಎಳೆಯುವಾಗ ಪೆಟ್ರೋಲ್ ಹೊತ್ತಿಕೊಳ್ಳಬೇಕಾದ ರೀತಿಯಲ್ಲಿ ಹೊತ್ತಿಕೊಳ್ಳದೆ ಆಗುವುದು ಒಂದು, ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದು ಆಗುವುದು ಇನ್ನೊಂದು. ಮೊದಲನೆಯದಕ್ಕೆ 'ನಾಕಿಂಗ್' ಇರಲಿ. ಎರಡನೆಯದಕ್ಕೆ 'ಬೇರಿಂಗ್ ಗುದ್ದು' ಎನ್ನಿ. ಕೆಳಗಿನಿಂದ ಬರುವ ಭಾರವಾದ ಸದ್ದು ಎಂಬುದು 'ಗುದ್ದು'ವಿನಲ್ಲಿ ಕೇಳಿಸುತ್ತದೆ. ಗುದ್ದು ಕೇಳಿದರೆ ಎಂಜಿನ್ ಕೂಡಲೇ ಆಫ್ ಮಾಡಬೇಕು. ಟಿಕಟಿಕಕ್ಕೆ ಆ ಅವಸರವಿಲ್ಲ. 'ಬಡಿತ' ಎಂದು ಎರಡನ್ನೂ ಬೆರೆಸಿದರೆ ಈ ವ್ಯತ್ಯಾಸವೇ ಅಳಿಸಿಹೋಗುತ್ತದೆ.

ಲಯ ಎಣಿಸುವ ಮಾತು ಟಿಪ್ಪಣಿಯಲ್ಲಿದ್ದರೆ ಎಚ್ಚರದಿಂದ ಅನುವಾದಿಸಿ. 600 ಆರ್‌ಪಿಎಂ ಐಡ್ಲಿಂಗಿನಲ್ಲಿ ಕ್ಯಾಮ್‌ಶಾಫ್ಟ್ ನಿಮಿಷಕ್ಕೆ 300 ಸುತ್ತುತ್ತದೆ, ಒಂದು ಲಿಫ್ಟರ್ ಸೆಕೆಂಡಿಗೆ 5 ಸಲ ಟಿಕ್ ಅನ್ನುತ್ತದೆ. ಒಂದು ಸಿಲಿಂಡರಿನ ಹೊಗೆ ಲೀಕಿನ ಲೆಕ್ಕವೂ ಅಷ್ಟೇ. ಹಾಗಾಗಿ ಎಣಿಕೆಯಿಂದ ಅವೆರಡನ್ನು ಬೇರ್ಪಡಿಸಲಾಗದು. ಸಿಲಿಂಡರುಗಳ ಇಂಜೆಕ್ಟರ್ ಕನೆಕ್ಟರನ್ನು ಒಂದೊಂದಾಗಿ ತುಸು ಹೊತ್ತು ಕಳಚಿ ನೋಡಬೇಕು: ಆ ಸಿಲಿಂಡರಿನ ಹೊಗೆ ಲೀಕಾಗಿದ್ದರೆ ಸದ್ದು ಕುಗ್ಗುತ್ತದೆ, ಬೇರಿಂಗ್ ಗುದ್ದೂ ಕುಗ್ಗುತ್ತದೆ, ಲಿಫ್ಟರ್ ಮಾತ್ರ ಹಾಗೆಯೇ ಟಿಕ್ಕೆನ್ನುತ್ತಿರುತ್ತದೆ. ಇಂಜೆಕ್ಟರಿಗೂ ತನ್ನದೇ ಸಣ್ಣ ಟಿಕಟಿಕ ಇದೆ, ಅದು ಸಹಜ.

ಟಿಪ್ಪಣಿಗೆ ಒಂದು ವಾಕ್ಯ ಹೀಗಿರಬಹುದು: 'ತಣ್ಣಗಿನ ಎಂಜಿನ್ನಿನಲ್ಲಿ ಜೋರಾಗಿದ್ದ ಟಿಕಟಿಕ ಸದ್ದು ಕಾದ ಮೇಲೆ ಇಳಿದರೆ, ಟ್ಯಾಪೆಟ್ ಕವರ್ ಮುಟ್ಟುವ ಮೊದಲು ಮೇನಿಫೋಲ್ಡ್ ಬೋಲ್ಟುಗಳನ್ನು ನೋಡಿ.' ಇಲ್ಲಿ 'ಟ್ಯಾಪೆಟ್ ಕವರ್' ಇರಲಿ. ಆ ಮುಚ್ಚಳಕ್ಕೆ ಎಲ್ಲರೂ ಬಳಸುವ ಹೆಸರು ಅದೇ, ಅದರಿಂದ ಯಾರೂ ದಾರಿ ತಪ್ಪುವುದಿಲ್ಲ.