ಚಳಿಗಾಲ ಕಳೆದ ಮೇಲೆ ಸೈಕಲ್ಲಿನಲ್ಲಿ ಕಚೇರಿಗೆ: ಸ್ಟಟ್‌ಗಾರ್ಟ್‌ನ ಏರನ್ನು ಹತ್ತುವುದು ಹೇಗೆ?

ಪ್ರಶ್ನೆ: ತಗ್ಗಿನಮನೆ

ಎಲ್ಲರಿಗೂ ನಮಸ್ಕಾರ. ನನ್ನ ಮನೆ ಜರ್ಮನಿಯ ಸ್ಟಟ್‌ಗಾರ್ಟ್‌ ನಗರದ ತಗ್ಗಿನ ಭಾಗದಲ್ಲಿ, ಮರಿಯನ್‌ಪ್ಲಾಟ್ಸ್ ಚೌಕದ ಬಳಿ ಇದೆ. ಕಚೇರಿ ಇರುವುದು ಮೇಲಿನ ಫೈಹಿಂಗನ್‌ನಲ್ಲಿ. ಕಳೆದ ಬೇಸಿಗೆಯಲ್ಲಿ ಸೈಕಲ್ಲಿನಲ್ಲೇ ಹೋಗಿಬರುತ್ತಿದ್ದೆ, ಚಳಿ ಹಿಡಿದ ಮೇಲೆ ರೈಲಿಗೆ ಬದಲಾಯಿಸಿಕೊಂಡೆ. ಮಾರ್ಚ್ ಕೊನೆಯ ಭಾನುವಾರ ಇಲ್ಲಿನ ಬೇಸಿಗೆ ಸಮಯಕ್ಕೆಂದು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟ ಬಳಿಕ ಸಂಜೆ ಬೆಳಕು ಧಾರಾಳವಾಗಿರುವುದರಿಂದ ಮತ್ತೆ ಆರಂಭಿಸಿದ್ದೇನೆ. ಆದರೆ ಹೆಸ್ಲಾಖ್ ದಾಟಿ ಕಾಲ್ಟೆನ್‌ಟಾಲ್‌ನ ಏರು ಶುರುವಾಗುತ್ತಿದ್ದಂತೆ ಏದುಸಿರು ಬರುತ್ತದೆ, ಸಂಜೆಯ ಹೊತ್ತಿಗೆ ಮೊಣಕಾಲಿನ ಮುಂಭಾಗ ನೋಯುತ್ತದೆ. ವಿದ್ಯುತ್ ಸೈಕಲ್ ಕೊಳ್ಳದೆ ಈ ಮೊದಲ ವಾರಗಳನ್ನು ದಾಟಲು ಸಾಧ್ಯವೇ?

ಉತ್ತರ 1: ನಿಧಾನಗತಿ

ಖಂಡಿತ ಸಾಧ್ಯ. ನೀವೂ ಸೈಕಲ್ಲೂ ಚೀಲವೂ ಸೇರಿ 90 ಕಿಲೋ, ಏರು 200 ಮೀಟರ್ ಎಂದಿಟ್ಟುಕೊಳ್ಳಿ. ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಒಯ್ಯುವ ಕೆಲಸವನ್ನು 20 ನಿಮಿಷದಲ್ಲಿ ಮುಗಿಸಲು ಗಾಳಿ ಮತ್ತು ಟೈರಿನ ತಡೆಯನ್ನು ಬಿಟ್ಟೇ ಸುಮಾರು 147 ವ್ಯಾಟ್ ಶಕ್ತಿ ಬೇಕು. 40 ನಿಮಿಷ ತೆಗೆದುಕೊಂಡರೆ ಸುಮಾರು 74 ವ್ಯಾಟ್ ಸಾಕು. ಬೆಟ್ಟದ ಎತ್ತರ ನಮ್ಮ ಕೈಯಲ್ಲಿಲ್ಲ, ವೇಗ ಮಾತ್ರ ಇದೆ. ಕಳೆದ ಸೆಪ್ಟೆಂಬರಿನಲ್ಲಿ ಎಷ್ಟು ಹೊತ್ತಿನಲ್ಲಿ ಹತ್ತುತ್ತಿದ್ದಿರೋ ಅದನ್ನೇ ಏಪ್ರಿಲ್‌ನಲ್ಲಿ ಲೆಕ್ಕಕ್ಕೆ ಹಿಡಿಯಬೇಡಿ. ಮನೆಯನ್ನು ಬೇಗ ಬಿಡಿ.

ಮೊಣಕಾಲಿನ ಮುಂಭಾಗದ ನೋವಿಗೆ ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ: ಸೀಟು ತೀರ ಕೆಳಗಿರುವುದು ಮತ್ತು ಭಾರದ ಗೇರಿನಲ್ಲಿ ತುಳಿಯುವುದು. ಪೆಡಲ್ ಕೆಳತುದಿಯಲ್ಲಿರುವಾಗ ಅದರ ಮೇಲೆ ಹಿಮ್ಮಡಿಯನ್ನಿಟ್ಟರೆ ಕಾಲು ಹೆಚ್ಚುಕಡಿಮೆ ನೇರವಾಗುವಷ್ಟು ಸೀಟನ್ನು ಎತ್ತರಿಸಿ. ಏರು ಕಾಣಿಸಿದ ಮೇಲಲ್ಲ, ಅದಕ್ಕೆ ಮೊದಲೇ ಹಗುರ ಗೇರಿಗೆ ಇಳಿಸಿ, ನಿಮಿಷಕ್ಕೆ 70 ಸುತ್ತಿಗೆ ಕಡಿಮೆಯಾಗದಂತೆ ತುಳಿಯಿರಿ. ಅತಿ ಹಗುರ ಗೇರಿನಲ್ಲೂ ಅದು ಆಗದಿದ್ದರೆ ಹಿಂಬದಿಗೆ ಇನ್ನೂ ದೊಡ್ಡ ಹಲ್ಲುಚಕ್ರ ಹಾಕಿಸಬಹುದು. ಹೊಸ ಸೈಕಲ್ಲಿನ ಬೆಲೆಯ ಮುಂದೆ ಅದು ಸಣ್ಣ ಖರ್ಚು. ಉಸಿರು ಬೇಗ ಹದಕ್ಕೆ ಬರುತ್ತದೆ, ಸ್ನಾಯುರಜ್ಜುಗಳಿಗೆ ಹೆಚ್ಚು ಕಾಲ ಬೇಕು. ಹುರುಪು ಬಂದಿತೆಂದು ಎರಡನೆಯ ವಾರದಲ್ಲೇ ವೇಗ ಹೆಚ್ಚಿಸುವುದನ್ನು ನಾನಂತೂ ಒಪ್ಪುವುದಿಲ್ಲ. ಇಷ್ಟೆಲ್ಲ ಮಾಡಿಯೂ ನೋವು ಉಳಿದರೆ ವೈದ್ಯರಿಗೆ ತೋರಿಸಿ.

ಉತ್ತರ 2: ಡೆಗರ್ಲೋಖ್ ನಿವಾಸಿ

ನಿಮ್ಮ ಮನೆಯ ಹತ್ತಿರವೇ ಇರುವ ಒಂದು ಸೌಲಭ್ಯವನ್ನು ನೆನಪಿಸುತ್ತೇನೆ. ಮರಿಯನ್‌ಪ್ಲಾಟ್ಸ್‌ನಿಂದ ಡೆಗರ್ಲೋಖ್‌ಗೆ ಹತ್ತುವ ಹಲ್ಲುಹಳಿಯ ರೈಲು, ಊರಿನವರು ‘ಟ್ಸಾಕೆ’ ಎಂದು ಕರೆಯುವುದು, 1884ರಿಂದ ಇದೆ. ಸುಮಾರು 2.2 ಕಿ.ಮೀ.ಯಲ್ಲಿ 200 ಮೀಟರಿಗಿಂತ ಸ್ವಲ್ಪ ಹೆಚ್ಚು ಏರುವ ಅದು, ಸೈಕಲ್ಲುಗಳನ್ನು ಮುಂದಿನ ತೆರೆದ ಬಂಡಿಯಲ್ಲಿ ಹೊತ್ತೊಯ್ಯುತ್ತದೆ. ಮೇಲೆ ಇಳಿದು ಮ್ಯೋರಿಂಗನ್ ಮಾರ್ಗವಾಗಿ ಫೈಹಿಂಗನ್‌ಗೆ ಹೋದರೆ ಬಹುಪಾಲು ಪ್ರಸ್ಥಭೂಮಿಯ ಮೇಲಿನ ದಾರಿಯೇ ಸಿಗುತ್ತದೆ. ಆರಂಭದಲ್ಲಿ ಬೆಳಿಗ್ಗೆ ಹೀಗೆ ಹೋಗಿ, ಸಂಜೆ ಕಾಲ್ಟೆನ್‌ಟಾಲ್ ಮೂಲಕ ಇಳಿಯಿರಿ. ಆಮೇಲೆ ವಾರಕ್ಕೊಂದು ಬೆಳಿಗ್ಗೆ ಪೂರ್ತಿ ಏರನ್ನು ತುಳಿದು, ದೇಹ ಒಪ್ಪಿದಂತೆ ಹೆಚ್ಚಿಸಿಕೊಳ್ಳಿ. ಇದನ್ನು ಸೋಲೆಂದು ಎಣಿಸಬೇಕಾಗಿಲ್ಲ; ನಿತ್ಯ ಸೈಕಲ್ ಹತ್ತುವ ರೂಢಿ ಉಳಿಯುವುದೇ ಮುಖ್ಯ.

ಉತ್ತರ 3: ಸರಪಳಿ

ಸಂಜೆಯ ಇಳಿಜಾರಿನ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ಹಿಮ ಬಿದ್ದಾಗ ರಸ್ತೆಗೆ ಹರಡಿದ ಸಣ್ಣ ಜಲ್ಲಿಯನ್ನು ಗುಡಿಸಿ ಮುಗಿಸುವವರೆಗೆ ಅದು ತಿರುವುಗಳಲ್ಲೂ ಸೈಕಲ್ ಪಥದ ಅಂಚಿನಲ್ಲೂ ಉಳಿದಿರುತ್ತದೆ. ಅದರ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ, ಆದ್ದರಿಂದ ತಿರುವಿಗೆ ಮುನ್ನವೇ ವೇಗ ತಗ್ಗಿಸಿ. ಚಳಿಗಾಲದಲ್ಲಿ ಸೈಕಲ್ ಹೊರಗೆ ನಿಂತಿದ್ದರೆ ಬ್ರೇಕಿನ ತಂತಿಗೆ ತುಕ್ಕು ಹಿಡಿದಿದೆಯೇ, ಪ್ಯಾಡು ಸವೆದಿದೆಯೇ ಎಂದು ಮೊದಲು ನೋಡಿ, ಸರಪಳಿಯನ್ನು ಒರೆಸಿ ಎಣ್ಣೆ ಹಾಕಿ. ಟೈರಿಗೆ ಅದರ ಪಕ್ಕದಲ್ಲೇ ಅಚ್ಚಾಗಿರುವ ಮಿತಿಯೊಳಗೆ ಗಾಳಿ ತುಂಬಿಸಿ. ಗಾಳಿ ಕಡಿಮೆಯಿದ್ದರೆ ಏರುವಾಗಲೂ ಕಾಲಿಗೆ ವೃಥಾ ಶ್ರಮ.