ಝೀರೋ ಟ್ರಸ್ಟ್ ಹಾಕಿದ ಮೇಲೆ ಎಕ್ಸ್‌ರೇ ಪಿಸಿ ಬೆಳಗ್ಗೆ ನೆಟ್‌ವರ್ಕ್‌ಗೇ ಬರ್ತಿಲ್ಲ, ಅರ್ಜೆಂಟ್

ವಾರ್ಡ್_ಐಟಿ: ಸರ್ಕಾರಿ ಆಸ್ಪತ್ರೆ. 2022ರ ನವೆಂಬರ್‌ನಲ್ಲಿ ದೆಹಲಿ ಏಮ್ಸ್‌ಗೆ ರಾನ್ಸಮ್‌ವೇರ್ ಹೊಡೆದಾಗಿಂದ ಆಡಿಟ್ ಕಾಟ ವಿಪರೀತ. ಈಗ ಝೀರೋ ಟ್ರಸ್ಟ್, ಅಂದ್ರೆ ಗುರುತು ತೋರಿಸದೆ ಯಾವ ಮಷೀನನ್ನೂ ನಂಬಲ್ಲ. ಪ್ರತಿ ಪೋರ್ಟ್‌ಗೂ 802.1ಎಕ್ಸ್ ಕಾವಲು, ಗುರುತಿಗೆ ಮಷೀನಿಗೊಂದು ಸರ್ಟಿಫಿಕೇಟ್. ಉಳಿದದ್ದೆಲ್ಲ ಓಕೆ, ಎಕ್ಸ್‌ರೇ ಪಿಸಿ ಮಾತ್ರ ಬೆಳಗ್ಗೆ ಪ್ಯಾಕ್ಸ್‌ಗೆ (ಎಕ್ಸ್‌ರೇ ಇಮೇಜ್ ಇಡೋ ಸರ್ವರ್) ಇಮೇಜ್ ಕಳಿಸಲ್ಲ. ಹನ್ನೊಂದರ ಹೊತ್ತಿಗೆ ತಾನಾಗೇ ಸರಿಹೋಗುತ್ತೆ. ಅಷ್ಟರಲ್ಲಿ ಆರ್ಥೋ ಓಪಿಡಿ ಕ್ಯೂ ಗೇಟ್ ಮುಟ್ಟಿರುತ್ತೆ, ಬೈಗುಳ ನನಗೆ. ಎಲ್ಲಾ ಸೆಟ್ಟಿಂಗೂ ನೋಡಾಯ್ತು.

ಹಳೇಫೈರ್‌ವಾಲ್: ಎಂಟಿಯು ಗುರು, ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ. ಎಕ್ಸ್‌ರೇ ಇಮೇಜಿನ ಡೈಕಾಮ್ ಫೈಲ್ ದೊಡ್ಡದು. 1400ಕ್ಕೆ ಇಳಿಸಿ.

ವಾರ್ಡ್_ಐಟಿ: ಇಳಿಸಿದೆ. ಅದೇ ಕಥೆ.

ಹಳೇಫೈರ್‌ವಾಲ್: ಪ್ಯಾಕ್ಸ್ ಕಡೆನೂ ಇಳಿಸಿದ್ರಾ? ಸ್ವಿಚ್‌ನಲ್ಲಿ?

ಸಬ್‌ನೆಟ್_ಸುಬ್ಬಿ: ಎಂಟಿಯು ಆಗಿದ್ರೆ ಹನ್ನೊಂದಕ್ಕೆ ಹೇಗೆ ಸರಿಹೋಗುತ್ತೆ ಸರ್? ಓಎಸ್ ಯಾವುದು ಅಂತಾನೇ ಹೇಳಿಲ್ಲ. ಗುರುತು ಪರೀಕ್ಷಿಸೋ ರೇಡಿಯಸ್ ಸರ್ವರ್‌ನ ಲಾಗ್ ಏನನ್ನುತ್ತೆ?

ವಾರ್ಡ್_ಐಟಿ: ವಿಂಡೋಸ್ 7, ವರ್ಕ್‌ಗ್ರೂಪ್, ಡೊಮೇನ್‌ಗೆ ಸೇರಿಸಿಲ್ಲ. ಮುಟ್ಟಿದ್ರೆ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಕ್ಯಾನ್ಸಲ್ ಅಂತಾರೆ ಕಂಪನಿಯವ್ರು. ಲಾಗ್‌ನಲ್ಲಿ ಕ್ಲೈಂಟೇ ಅರ್ಧಕ್ಕೆ ಕೈಬಿಟ್ಟಿದೆ ಅಂತಿದೆ.

ಪೋರ್ಟ್‌ಬಂದ್: 2020ರ ಜನವರಿಗೇ ಸಪೋರ್ಟ್ ಮುಗಿದ ಓಎಸ್ ಇಟ್ಕೊಂಡು ಝೀರೋ ಟ್ರಸ್ಟ್ ಅಂತೆ! ಬೇರೆ ವಿಲ್ಯಾನ್‌ಗೆ (ನೆಟ್‌ವರ್ಕ್‌ನ ಪ್ರತ್ಯೇಕ ವಿಭಾಗ) ತಳ್ಳಿ, ನೆಟ್‌ವರ್ಕ್ ಕಾರ್ಡ್‌ನ ನಂಬರ್, ಅಂದ್ರೆ ಮ್ಯಾಕ್ ಅಡ್ರೆಸ್ ನೋಡಿ ಒಳಗೆ ಬಿಡಿ.

ಸಬ್‌ನೆಟ್_ಸುಬ್ಬಿ: ಮ್ಯಾಕ್ ಯಾರು ಬೇಕಾದ್ರೂ ನಕಲು ಮಾಡ್ತಾರೆ. ನೆಟ್‌ವರ್ಕ್‌ನ ಯಾವ ಮೂಲೇಲಿ ಕೂತಿದೆ ಅನ್ನೋದಷ್ಟೇ ನೋಡಿ ನಂಬಬೇಡಿ ಅಂತಲೇ ಅಮೆರಿಕದ ನಿಸ್ಟ್ ಸಂಸ್ಥೆಯ ಝೀರೋ ಟ್ರಸ್ಟ್ ದಾಖಲೆ 800-207 ಇರೋದು.

ಪೋರ್ಟ್‌ಬಂದ್: ಪಿಡಿಎಫ್ ಓದಿದ್ರೆ ಎಕ್ಸ್‌ರೇ ಬರಲ್ಲ ಮೇಡಂ. ಪ್ಯಾಕ್ಸ್‌ನ ಒಂದೇ ಪೋರ್ಟ್‌ಗೆ ಮಾತ್ರ ಬಿಡೋ ಎಸಿಎಲ್ (ಯಾರು ಎಲ್ಲಿಗೆ ಹೋಗಬಹುದು ಅನ್ನೋ ಪಟ್ಟಿ) ಹಾಕಿದ್ರೆ ನಕಲು ಮಾಡಿದವನು ಎಲ್ಲಿಗೆ ಹೋಗ್ತಾನೆ?

ಗ್ರಿಡ್‌ಗುಂಡ: ನಮ್ಮ ವಿದ್ಯುತ್ ಕಡೆ ಬನ್ನಿ. ಸಬ್‌ಸ್ಟೇಷನ್ ಮಾಹಿತಿ ಕಳಿಸೋ ಆರ್‌ಟಿಯು ಪೆಟ್ಟಿಗೆ ಮಾತಾಡೋದು ಐಇಸಿ 104 ಪ್ರೋಟೋಕಾಲ್‌ನಲ್ಲಿ, ಪೋರ್ಟ್ 2404. ಅದಕ್ಕೆ ತನ್ನದಂತ ಪಾಸ್‌ವರ್ಡೂ ಇಲ್ಲ, ಸರ್ಟಿಫಿಕೇಟೂ ಇಲ್ಲ. ಮುಂದೆ ಗೇಟ್‌ವೇ ನಿಲ್ಲಿಸಿ ಅದರ ಕೈಲಿ ಕಾವಲು ಕಾಯಿಸ್ತೀವಿ. ಟೈಮ್‌ಗೆ ಸಬ್‌ಸ್ಟೇಷನ್‌ನಲ್ಲೇ ಜಿಪಿಎಸ್ ಕ್ಲಾಕ್, ಮಿಲಿಸೆಕೆಂಡ್ ಆಚೀಚೆ ಆಗಲ್ಲ. ರ‍್ಯಾಕ್ ಫೋಟೋ ಹಾಕ್ಲಾ?

ವಾರ್ಡ್_ಐಟಿ: ಬೇಡ. ಟೈಮ್ ಅಂದಿದ್ದಕ್ಕೆ ನೆನಪಾಯ್ತು. ಇದಕ್ಕೆ ಸಂಬಂಧ ಇಲ್ಲ ಅನ್ಸುತ್ತೆ, ರಾತ್ರಿ ಮೇನ್ ಸ್ವಿಚ್ ಆಫ್ ಮಾಡ್ತಾರೆ. ಬೆಳಗ್ಗೆ ಎಕ್ಸ್‌ರೇ ಪಿಸಿ ತಾರೀಕು 01-01-2009 ಆಗಿರುತ್ತೆ. ಫಿಲ್ಮ್ ಮೇಲೆ ತಪ್ಪು ತಾರೀಕು ಬರುತ್ತಲ್ಲ, ಟೆಕ್ನಿಷಿಯನ್ ಬಂದು ತಿದ್ದುತ್ತಾರೆ.

ಸಬ್‌ನೆಟ್_ಸುಬ್ಬಿ: ಅಯ್ಯೋ ಮಾರಾಯ್ರೆ, ಇದನ್ನ ಮೊದಲೇ ಹೇಳೋದಲ್ವಾ! ಮದರ್‌ಬೋರ್ಡ್ ಸೆಲ್ ಸತ್ತಿದೆ. 2009ರಲ್ಲಿ ಕೂತ ಪಿಸಿಗೆ ನಿಮ್ಮ ರೇಡಿಯಸ್ ಸರ್ವರ್ ಸರ್ಟಿಫಿಕೇಟ್ ಇನ್ನೂ ಚಾಲ್ತಿಗೇ ಬಂದಿಲ್ಲ, ಅದಕ್ಕೇ ಕೈಬಿಡ್ತಿದೆ. ನೆಟ್‌ವರ್ಕ್ ಇಲ್ದೆ ಟೈಮ್ ಸಿಗಲ್ಲ, ಟೈಮ್ ಇಲ್ದೆ ನೆಟ್‌ವರ್ಕ್ ಸಿಗಲ್ಲ. ಸಿಆರ್2032 ಹಾಕ್ಸಿ. ಲಾಗಿನ್‌ಗೆ ಮುಂಚಿನ ಎಸಿಎಲ್‌ನಲ್ಲಿ ಟೈಮ್ ಕೊಡೋ ನಿಮ್ಮ ಎನ್‌ಟಿಪಿ ಸರ್ವರ್‌ಗಷ್ಟೇ ಯುಡಿಪಿ ಪೋರ್ಟ್ 123 ಬಿಡಿ. ಎಲ್ಲಾ ಸಿಸ್ಟಂ ಗಡಿಯಾರ ಸರ್ಕಾರಿ ಸಂಸ್ಥೆಗಳಾದ ಎನ್‌ಐಸಿ, ಎನ್‌ಪಿಎಲ್ ಸಮಯಕ್ಕೆ ಹೊಂದಿರ್ಬೇಕು ಅಂತ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಆದೇಶದಲ್ಲೂ ಇದೆ.

ವಾರ್ಡ್_ಐಟಿ: 123 ಬಿಟ್ಟೆ. ಸರ್ವರ್ ಉತ್ತರ ಕೊಡ್ತಿದೆ, ಗಡಿಯಾರ ಮಾತ್ರ ಅಲ್ಲಾಡ್ತಿಲ್ಲ.

ಸಬ್‌ನೆಟ್_ಸುಬ್ಬಿ: ಡೊಮೇನ್‌ಗೆ ಸೇರದ ವಿಂಡೋಸ್, 15 ಗಂಟೆಗಿಂತ ಹೆಚ್ಚು ವ್ಯತ್ಯಾಸ ಇದ್ರೆ ತಿದ್ದಲ್ಲ. ರಿಜಿಸ್ಟ್ರಿಯಲ್ಲಿ ಆ ಮಿತಿ ಎತ್ತಬೇಕು.

ವಾರ್ಡ್_ಐಟಿ: ರಿಜಿಸ್ಟ್ರಿ ಮುಟ್ಟಿದ್ರೆ ಎಎಂಸಿ ಹೋಯ್ತು. ಸೆಲ್‌ಗೆ ಇಂಡೆಂಟ್ ಹಾಕಿದೀನಿ, ಕಂಪನಿ ಎಂಜಿನಿಯರ್ರೇ ಬಂದು ಬಿಚ್ಚಬೇಕಂತೆ.

ಪೋರ್ಟ್‌ಬಂದ್: ಅಲ್ಲೀವರೆಗೆ ಮ್ಯಾಕ್, ಎಸಿಎಲ್. ಬೇರೆ ದಾರಿ ಇದ್ರೆ ಹೇಳಿ ಮೇಡಂ.

ಲ್ಯಾಬ್‌ಲಿಂಕ್: ನಮ್ಮ ಬ್ಲಡ್ ಅನಲೈಸರ್‌ಗೂ ಬೆಳಗ್ಗೆ ಇದೇ ಗೋಳು, ಆದ್ರೆ ತಾರೀಕು ಸರಿ ಇದೆ. ಹೊಸ ಥ್ರೆಡ್ ಹಾಕ್ಲಾ?